ಕತ್ತು ತಿರುಗಿಸಿ ನೋಡುವ ಮೈದುನ

ನನ್ನ ಮೈದುನ ಶ್ರೀರಾಮಪ್ಪ ಬೂದಿಕೋಟೆಯ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿ. ಕ್ಯಾನಿನ ಮುಚ್ಚಳ ತೆಗೆದರೆ ಸಾಕು, ನೀರು ಬೆರೆಸಿದ್ದು ದೂರದಿಂದಲೇ ಕಾಣುತ್ತದೆ ಎಂದು ಜಂಬ ಕೊಚ್ಚುವವನು. ತನ್ನ ಕಣ್ಣಿನ ಮೇಲೆ ಅಷ್ಟು ಅಹಂಕಾರ ಇರುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಎಂಬತ್ತಾರನೇ ಇಸವಿಯಲ್ಲಿ ಚಿನ್ನದ ಗಣಿಯಲ್ಲಿ ದುಡಿದ ನಮ್ಮ ಯಜಮಾನ ಮುನಿಸ್ವಾಮಪ್ಪನವರ ಎರಡು ಕಣ್ಣೂ ಹೋದವು. ಬೆಂಗಳೂರಿನ ಡಾಕ್ಟರಮ್ಮ ಗ್ಲಾಕೋಮಾ ಎಂದರು. ಕಣ್ಣೊಳಗೆ ಒತ್ತಡ ಏರಿ ನರ ಸಾಯುತ್ತದಂತೆ. ನೋವಿಲ್ಲ, ಉರಿಯಿಲ್ಲ. ಪಕ್ಕದ ನೋಟ ಮೊದಲು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

"ಇವರ ಒಡಹುಟ್ಟಿದವರು, ಮಕ್ಕಳು ಎಲ್ಲಾ ಬಂದು ತೋರಿಸ್ಲಿ. ಚೆನ್ನಾಗಿ ಕಾಣ್ತಿದ್ರೂ ಬರ್ಲಿ. ಬೇಗ ಗೊತ್ತಾದ್ರೆ ಇರೋ ನೋಟಾನಾದ್ರೂ ಉಳಿಸ್ಬೋದು" ಎಂದರು.

ಮಗಳು ಗಂಗರತ್ನಮ್ಮನನ್ನು ಅದೇ ವಾರ ಕರೆದೊಯ್ದೆ. ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದರು. ಉಳಿದವನು ಶ್ರೀರಾಮಪ್ಪ. ಮೂರು ಕಾಗದ ಬರೆಸಿದರೂ ಉತ್ತರವಿಲ್ಲ.

ಕೊನೆಗೆ ಒಂದು ಭಾನುವಾರ ಕಡಲೆಕಾಯಿ ಚೀಲ ಹಿಡಿದು ಉರಿಗಾಂನ ಗಣಿ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಗೆ ಬಂದ. ಅಣ್ಣನನ್ನು ನೋಡಲು ಬಂದನೋ, ನನ್ನ ಬಾಯಿ ಮುಚ್ಚಿಸಲು ಬಂದನೋ, ಅವನಿಗೇ ಗೊತ್ತು.

"ನೋಡತ್ಗೆ, ಇಲ್ಲಿಂದ್ಲೇ ಓದ್ತೀನಿ" ಎಂದು ಎದುರು ಗೋಡೆಯ ಕ್ಯಾಲೆಂಡರಿನತ್ತ ಬೆರಳು ಮಾಡಿದ. "ಇವತ್ತು ರಾಹುಕಾಲ ನಾಕೂವರೆಯಿಂದ ಆರು. ಸರೀನಾ?"

"ಭಾನುವಾರದ ರಾಹುಕಾಲ ಎಷ್ಟೊತ್ತು ಅನ್ನೋಕೆ ಕಣ್ಣ್ಯಾಕ್ಲಾ? ನಾನೂ ಅಂತೀನಿ" ಎಂದರು ನಮ್ಮವರು, ಮಂಚದ ಮೇಲಿಂದ.

ಅವನಿಗೆ ಅವಮಾನವಾಯಿತು. ಕ್ಯಾಲೆಂಡರಿನ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಪ್ರೆಸ್ಸಿನ ಹೆಸರನ್ನೂ ಓದಿಬಿಟ್ಟ. ತಪ್ಪಿಲ್ಲದೆ ಓದಿದ.

"ಅಣ್ಣನ ಕಣ್ಣು ತಿಂದಿದ್ದು ಗಣಿ. ಧೂಳು, ಕತ್ಲು. ನಾನು ಬಿಸಿಲಲ್ಲಿ ಬದುಕೋನು. ನಂಗ್ಯಾಕೆ ಆಸ್ಪತ್ರೆ? ಓಗಿ ಓಗಿ ಆವಮ್ಮನ ಮಾತು ನಂಬ್ತೀರಲ್ಲ!"

ನಾನು ಕಾಫಿ ಲೋಟವನ್ನು ಅವನ ಎಡಗಡೆ ಇಟ್ಟೆ. ಅವನು ಲೋಟ ಹುಡುಕಲು ಇಡೀ ಕತ್ತನ್ನು ತಿರುಗಿಸಿದ.

ಆ ತಿರುಗುವಿಕೆ ನನಗೆ ಗೊತ್ತು. ಗಣಿಯವರ ದೀಪ ಟೋಪಿಯ ಮೇಲಿರುತ್ತದೆ. ತಲೆ ತಿರುಗಿದ ಕಡೆಗೇ ಬೆಳಕು. ಮೂವತ್ತು ವರ್ಷ ಹಾಗೆ ನೋಡಿದ ನಮ್ಮವರು ಮನೆಯಲ್ಲೂ ಹಾಗೇ ನೋಡುತ್ತಿದ್ದಾಗ, ಅಭ್ಯಾಸಬಲ ಎಂದು ನಾನು ನಕ್ಕಿದ್ದೆ. ನಗುತ್ತಾ ನಗುತ್ತಾ ಅವರ ಕಣ್ಣು ಕಳೆದ ಮೂರ್ಖಳು ನಾನು.

"ಶ್ರೀರಾಮಪ್ಪ, ನೀನ್ಯಾವ ಗಣಿ ಶಾಫ್ಟಿಗೆ ಇಳಿದಿದ್ದೆ?"

"ನಾನ್ಯಾಕೆ ಇಳೀಲಿ?"

"ಮತ್ತೆ ಕತ್ತ್ಯಾಕೆ ಅಂಗೆ ತಿರುಗಿಸ್ತೀಯ?"

ಅವನು ನಕ್ಕ. ನಾನು ಅಡುಗೆಮನೆಯಿಂದ ಸೌಟು ತಂದೆ. "ಕ್ಯಾಲೆಂಡರ್ನೇ ನೋಡ್ತಿರು. ಸೌಟು ಕಂಡ ತಕ್ಷಣ 'ಊಂ' ಅನ್ನು" ಎಂದು, ಅವನ ಕಿವಿಯ ಪಕ್ಕದಿಂದ ಸೌಟನ್ನು ನಿಧಾನವಾಗಿ ಮುಂದಕ್ಕೆ ತಂದೆ. ಕಿವಿ ದಾಟಿತು. ಕೆನ್ನೆ ದಾಟಿತು.

"ಶುರು ಮಾಡತ್ಗೆ, ಒತ್ತಾಯ್ತು" ಎಂದ.

"ಎಲ್ಲಿಗೆ ಬಂದೈತೆ?" ಎಂದು ಕೇಳಿದರು ನಮ್ಮವರು.

"ಮೂಗಿನ ಅತ್ರಕ್ಕೆ" ಎಂದೆ.

ಆಗ ಅವನಿಗೆ ಸೌಟು ಕಂಡಿತು. ಕೈಯಲ್ಲಿದ್ದ ಕಡಲೆಕಾಯಿ ನೆಲಕ್ಕೆ ಬಿತ್ತು.

ನಮ್ಮವರು ಕೈ ಚಾಚಿ ತಮ್ಮನ ತೋಳನ್ನು ತಡಕಿ ಹಿಡಿದುಕೊಂಡರು. "ನಾಳೆ ಬೆಳಿಗ್ಗೆ ಗಾಡಿಗೆ ಓಗಾನ ಕಣ್ಲಾ. ನಂಗೂ ಡಾಕ್ಟ್ರತ್ರ ಕೆಲಸ ಐತೆ" ಎಂದರು. ಅವರಿಗೆ ಯಾವ ಕೆಲಸವೂ ಇರಲಿಲ್ಲ.

ಸೋಮವಾರ ಬಂಗಾರಪೇಟೆಯಲ್ಲಿ ಮೂವರೂ ರೈಲು ಹತ್ತಿದೆವು. ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿ, ಕಣ್ಣು ಮರಗಟ್ಟುವ ಹನಿ ಹಾಕಿ, ಗುಡ್ಡೆಯ ಮೇಲೆ ಪುಟ್ಟ ತೂಕ ಇಟ್ಟು ಒತ್ತಡ ಅಳೆದರು. ಅಣ್ಣನದೇ ರೋಗ. ಪಕ್ಕದ ನೋಟ ಬಹಳಷ್ಟು ಹೋಗಿದೆ, ನೇರ ನೋಟ ಉಳಿದಿದೆ. ಒಂದು ಹೊತ್ತೂ ತಪ್ಪಿಸದೆ ಹನಿ ಹಾಕಿಕೊಂಡರೆ ಅದು ಉಳಿಯಬಹುದು ಎಂದರು. ಮೊದಲ ಕಾಗದಕ್ಕೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತೋ ಏನೋ.

ಹದಿನೈದು ದಿನದ ಮೇಲೆ ಬೂದಿಕೋಟೆಯ ಸೊಣ್ಣಮ್ಮ ಸಂತೆಯಲ್ಲಿ ಸಿಕ್ಕಳು. "ನಿಮ್ಮ ಮೈದ ಎಂಥಾ ದೇವರಂಥೋರು! ಕುರುಡಣ್ಣನ್ನ ಕೈ ಇಡ್ಕೊಂಡು ಬೆಂಗ್ಳೂರಿಗೆ ಕರ್ಕೊಂಡೋಗಿ ಬಂದ್ರಂತೆ" ಎಂದಳು. ಹೌದಮ್ಮ ಎಂದೆ.

ಅಲ್ಲಿಂದ ನೇರ ಅವನ ಸೊಸೈಟಿಗೇ ಹೋದೆ. ಅವನ ಜೇಬಿನಲ್ಲಿ ಹನಿಯ ಸೀಸೆ ಇತ್ತು. ಯಾರಿಗೂ ಕಾಣದಂತೆ ಕರವಸ್ತ್ರ ಸುತ್ತಿದ್ದ.

"ದೇವರಂಥ ಮೈದುನ" ಎಂದೆ, "ನಿನ್ನ ಸುಳ್ಳು ನಿನ್ನತ್ರಾನೇ ಇರ್ಲಿ, ನಾನು ಯಾರಿಗೂ ಏಳಲ್ಲ. ಆದ್ರೆ ನಿನ್ನಿಬ್ರು ಮಕ್ಳು ಕಣ್ಣು ತೋರ್ಸಕ್ಕೆ ಸೋಮವಾರದ ಗಾಡಿಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಸೌಟು ತಗೊಂಡು ಇಲ್ಲಿಗೇ ಬತ್ತೀನಿ, ಆಲು ಆಕೋಕೆ ಬರೋರೆಲ್ಲಾ ನೋಡ್ಲಿ."

ಅವನು ಇಡೀ ಕತ್ತು ತಿರುಗಿಸಿ ನನ್ನನ್ನು ನೋಡಿದ.

"ಎಷ್ಟೊತ್ತಿನ ಗಾಡಿ ಅತ್ಗೆ?" ಎಂದ.