ಸುಕೇಸಿಯಮ್ಮನ ಹೆರಿಗೆ ಕೋಣೆ

ಎರಡನೆಯ ಲೋಟ ಚಹಾ ಮುಂದೆ ಬಂದಾಗಲೂ ಪಾರ್ತಿನಿ ಆ ಮಾತನ್ನು ಆಡಿರಲಿಲ್ಲ.

"ಕುಡಿಯೇ, ಆರಿಹೋಗುತ್ತೆ" ಎನ್ನುತ್ತ ಸುಕೇಸಿಯಮ್ಮ ಲೋಟದ ಮುಚ್ಚಳ ತೆಗೆದರು. ಮಲ್ಲಿಗೆ ವಾಸನೆಯ ಹಬೆ ಎದ್ದಿತು. "ಏನು, ಈ ವಾರದಲ್ಲಿ ಇದು ಎಷ್ಟನೇ ಸಲ ಬರ್ತಿರೋದು? ನಿನ್ ಗಂಡ ಮನೇಲಿ ಅನ್ನ ಹಾಕೋದು ಬಿಟ್ಟಿದಾನೋ ಹೆಂಗೆ?"

"ಹಾಕ್ತಾರಮ್ಮ. ಹಿಂಗೆ ಗರಿಗರಿಯಾಗಿ ಸೋಯಾಕಾಳಿನ ತೆಂಪೆ ಕರಿದು ಹಾಕಲ್ಲ, ಅಷ್ಟೇ."

"ಅಂತೂ ತೆಂಪೆ ತಿನ್ನೋಕೆ ಇಷ್ಟು ಗುಡ್ಡ ಹತ್ತಿ ಬಂದೆ ಅನ್ನು." ಸುಕೇಸಿಯಮ್ಮ ನಕ್ಕರು. ನಗು ತುಟಿಯಿಂದ ಮೇಲಕ್ಕೆ ಹೋಗಲಿಲ್ಲ.

ಅಂಗಳದ ತುಂಬ ಬಿದಿರಿನ ತಟ್ಟಿಗಳ ಮೇಲೆ ಹೆಚ್ಚಿದ ತಂಬಾಕು ಒಣಗುತ್ತಿತ್ತು. ಬಿಸಿಲಿನ ತಿಂಗಳಲ್ಲಿ ಈ ಗುಡ್ಡದ ಊರುಗಳಲ್ಲಿ ಯಾರ ಅಂಗಳವೂ ಅವರದಾಗಿ ಉಳಿಯುವುದಿಲ್ಲ. ನೆರೆಯವರೂ ತಂದು ಹರಡುತ್ತಾರೆ. ಆದರೆ ಈ ಮನೆಯಲ್ಲಿ ಮಾತ್ರ ತಟ್ಟಿಗಳ ನಡುವೆ ಒಂದು ದಾರಿ ಬಿಟ್ಟಿರುತ್ತಾರೆ. ನೋವು ತಿನ್ನುವ ಹೆಂಗಸು ಇಬ್ಬರ ಭುಜ ಹಿಡಿದು ನಡೆದು ಬರುವಷ್ಟು ಅಗಲದ ದಾರಿ. ಅದು ನೇರವಾಗಿ ಪಕ್ಕದ ಕೋಣೆಗೆ ಹೋಗುತ್ತದೆ. ಸುಕೇಸಿಯಮ್ಮ ಬೆಳಿಗ್ಗೆ ಆ ಕೋಣೆ ತೊಳೆದಿದ್ದರು. ಔಷಧಿ ನೀರಿನ ಘಾಟು ಇನ್ನೂ ಜಗಲಿಗೆ ಬರುತ್ತಿತ್ತು. ಅದು ಮೂಗಿಗೆ ತಾಕಿದಾಗಲೆಲ್ಲ ಪಾರ್ತಿನಿ ಕೈಗೆತ್ತಿಕೊಂಡ ತೆಂಪೆಯನ್ನು ತಟ್ಟೆಗೆ ವಾಪಸು ಇಡುತ್ತಿದ್ದಳು.

ಅವಳು ತಾಲ್ಲೂಕಿನ ಸೂಲಗಿತ್ತಿಯರ ಸಂಘದ ಅಧ್ಯಕ್ಷೆ. ಸಂಘದವರೆಲ್ಲ ಓದಿ, ಪರೀಕ್ಷೆ ಕಟ್ಟಿ, ಸರ್ಕಾರದ ಪರವಾನಗಿ ಪಡೆದ ಸೂಲಗಿತ್ತಿಯರು. ಕೆಳಗಿನ ಪೇಟೆಯ ಆರೋಗ್ಯ ಕೇಂದ್ರದಲ್ಲಿ ಅವಳ ಕೆಲಸ. ಕೆಲಸ ಮುಗಿದರೆ ಸಂಘದ ಸಭೆ, ಸಭೆಯಿಲ್ಲದ ದಿನ ಹೊಸಬರಿಗೆ ತರಬೇತಿ. ಈಚೆಗೆ ನಮಾಜಿಗೆ ಬಾಗಿದರೆ ಏಳುವುದೇ ಬೇಡ, ಚಾಪೆಯ ಮೇಲೆ ಹಣೆಯಿಟ್ಟು ಹಾಗೇ ಇದ್ದುಬಿಡೋಣ ಎನ್ನಿಸುತ್ತಿತ್ತು. ದೇವರು ಅದನ್ನೂ ಪ್ರಾರ್ಥನೆಯೆಂದೇ ತೆಗೆದುಕೊಂಡಾನು ಎಂದುಕೊಳ್ಳುತ್ತಿದ್ದಳು.

ಈ ಸಂಘವನ್ನು ಕಟ್ಟಿದವರೇ ಸುಕೇಸಿಯಮ್ಮ. ಇದೇ ಜಗಲಿಯಲ್ಲಿ, ಬೇಯಿಸಿದ ಮರಗೆಣಸು ತಿನ್ನಿಸಿ ತಿನ್ನಿಸಿ, ಒಬ್ಬೊಬ್ಬರನ್ನೇ ಕೂರಿಸಿ ಕಟ್ಟಿದ್ದು. ಹಿಂದೆಲ್ಲ ಸೂಲಗಿತ್ತಿ ತಪ್ಪಿದರೆ ಡಾಕ್ಟರು ಬಂದು ಬೈದು ಹೋಗುತ್ತಿದ್ದರು, ಇಲ್ಲವೆ ಊರ ಮುಖಂಡ ಬಂದು ಕ್ಷಮಿಸಿ ಹೋಗುತ್ತಿದ್ದ. ಎರಡೂ ಬೇಡ, ನಮ್ಮ ತಪ್ಪನ್ನು ನಾವೇ ತೂಗಬೇಕು, ಆಗಲೇ ನಮ್ಮದು ಒಂದು ಕಸುಬು ಅನ್ನಿಸಿಕೊಳ್ಳೋದು ಎಂದು ಜಿಲ್ಲಾ ಕಚೇರಿಯ ಮೆಟ್ಟಿಲ ಮೇಲೆ ದಿನಗಟ್ಟಲೆ ಕೂತು ಆ ಅಧಿಕಾರವನ್ನು ಗೆದ್ದು ಬಂದವರು ಅವರು. ಹೋದ ವರ್ಷ ಪ್ರಾಂತ್ಯದ ಸಮಾವೇಶಕ್ಕೆ ದೂರದ ದೇಶದ ಹೆಂಗಸೊಬ್ಬಳು ಬಂದು, ಸೂಲಗಿತ್ತಿಗೆ ಓದು ಬೇಕು, ಕಾನೂನು ಬೇಕು, ಸಂಘ ಬೇಕು, ಲೋಕದಲ್ಲಿ ಎಲ್ಲಿ ಹೋದರೂ ಇಷ್ಟೇ ಎಂದು ಭಾಷಣ ಮಾಡಿದ್ದಳು. "ಒಲೆಗೆ ಮೂರು ಕಲ್ಲು ಬೇಕು ಅಂತ ಹೇಳೋಕೆ ಇವಳು ವಿಮಾನ ಹತ್ತಿ ಬಂದ್ಳಾ" ಎಂದು ಪಾರ್ತಿನಿಯ ಕಿವಿಯಲ್ಲಿ ಪಿಸುಗುಟ್ಟಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ.

ಆಮೇಲೆ ಮದುವೆಗಳ ತಿಂಗಳು ಬಂತು. ಸಾರ್ವಿ ಎಂಬ ಹುಡುಗಿಗೆ ಈ ಮನೆಯಲ್ಲೇ ಹೆರಿಗೆಯಾಯಿತು. ಮಗು ಬಂತು, ಮಾಸೂ ಬಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ಸುಕೇಸಿಯಮ್ಮ ಚುಚ್ಚುಮದ್ದು ಕೊಟ್ಟರು, ಕಿಬ್ಬೊಟ್ಟೆ ನೀವಿದರು, ಒತ್ತಿ ಹಿಡಿದರು. ಕೈ ಮಾಡಬೇಕಾದದ್ದನ್ನೆಲ್ಲ ಮಾಡಿತು. ಇನ್ನುಳಿದದ್ದು ಆಸ್ಪತ್ರೆಗೆ ಸಾಗಿಸುವುದು. ಊರಿನ ವ್ಯಾನು ಓಡಿಸುವವನು ಗಿಮಾನ್. ಅವತ್ತು ಅವನ ಮಗಳ ಮದುವೆ. ಫೋನು ಒಳಗೆಲ್ಲೋ ಹೊಡೆದುಕೊಂಡು ಸುಮ್ಮನಾಯಿತು. ಒತ್ತುವುದನ್ನು ಸಾರ್ವಿಯ ತಾಯಿಗೆ ತೋರಿಸಿಕೊಟ್ಟು ಸುಕೇಸಿಯಮ್ಮ ಹತ್ತಿರದಲ್ಲೇ ಇದ್ದ ಚಪ್ಪರಕ್ಕೆ ಓಡಿದರು.

ಚಪ್ಪರದಲ್ಲಿ ಆ ಹೊತ್ತಿಗೆ ಮದುಮಗಳು ಆಶೀರ್ವಾದ ಬೇಡಿ ತಂದೆಯ ಮೊಣಕಾಲಿನ ಮೇಲೆ ಹಣೆಯಿಟ್ಟಿದ್ದಳು. ಆ ಗಳಿಗೆಯಲ್ಲಿ ವಾದ್ಯದವರೂ ಮೆಲ್ಲಗೆ ಬಾರಿಸುತ್ತಾರೆ. ಕೂತವರು ಕೆಮ್ಮುವುದಕ್ಕೂ ಹಿಂಜರಿಯುತ್ತಾರೆ. ಮಗಳ ತಲೆ ಸವರುತ್ತ ಗಿಮಾನ್ ಅಳುತ್ತಿದ್ದ. ಸುಕೇಸಿಯಮ್ಮ ಚಪ್ಪರದ ಗಳ ಹಿಡಿದು ನಿಂತರು. ಮಗಳು ಎದ್ದಳು, ಅಳಿಯ ಬಾಗಿದ. ಅಳಿಯ ಎದ್ದ, ಇಬ್ಬರೂ ಬೀಗರ ಕಡೆ ತಿರುಗಿದರು. ಈಗ ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂದು ನಿಂತೇ ಇದ್ದರು.

ಅದು ಮುಗಿದು ವ್ಯಾನು ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಗಿತ್ತು. ಸಾರ್ವಿ ಉಳಿದಳು. ಅವಳ ಗರ್ಭಕೋಶ ಉಳಿಯಲಿಲ್ಲ. ಮೊದಲ ಮಗುವೇ ಕೊನೆಯದಾಯಿತು. ಅವಳ ಮನೆಯವರು ದೂರು ಕೊಡುವುದಿರಲಿ, ಅಮ್ಮನ ಕೈಗುಣದಿಂದ ಜೀವ ಉಳಿಯಿತೆಂದು ಬುಟ್ಟಿ ತುಂಬ ಅರಿಸಿನದ ಅನ್ನ ಹೊತ್ತು ತಂದರು. ಆಸ್ಪತ್ರೆಯಿಂದ ವಿಷಯ ಸಂಘಕ್ಕೆ ತಿಳಿಯಿತು. ಸಭೆಯಲ್ಲಿ ಕೇಳಿದ್ದಕ್ಕೆಲ್ಲ ಸುಕೇಸಿಯಮ್ಮ ನೆಟ್ಟಗೆ ಉತ್ತರ ಕೊಟ್ಟು ಹೊರಟುಹೋದರು. ಉಳಿದವರಲ್ಲಿ ಅರ್ಧಕ್ಕರ್ಧ ಜನ ಅವರ ಕೈಕೆಳಗೆ ಕಲಿತವರು. ಯಾರೂ ಯಾರ ಮುಖವನ್ನೂ ನೋಡದೆ ತೀರ್ಮಾನವಾಯಿತು: ಜಿಲ್ಲಾ ಸೂಲಗಿತ್ತಿ ಶಾಲೆಯಲ್ಲಿ ಮತ್ತೆ ಕಲಿತು ಪರೀಕ್ಷೆ ಮುಗಿಸುವವರೆಗೆ ಅವರು ಹೆರಿಗೆ ಮಾಡಿಸುವಂತಿಲ್ಲ. ಹಿರಿಯರಿಗೆ ಇಂಥದನ್ನು ಕಾಗದದಲ್ಲಿ ಬರೆದು ಕಳಿಸುವ ಪದ್ಧತಿ ಇಲ್ಲಿಲ್ಲ. ಅಧ್ಯಕ್ಷೆಯೇ ಹೋಗಿ ಹೇಳಬೇಕು.

ಅಧ್ಯಕ್ಷೆ ಬಂದಳು, ಚಹಾ ಕುಡಿದಳು, ಬಾಳೆಗೊನೆ ಹೊತ್ತು ವಾಪಸು ಹೋದಳು. ಮತ್ತೆ ಬಂದಳು, ಮರಗೆಣಸು ಹೊತ್ತು ಹೋದಳು. ಸುಕೇಸಿಯಮ್ಮ ತಾವಾಗಿ ಏನೂ ಕೇಳಲಿಲ್ಲ. ಬಂದಾಗಲೆಲ್ಲ ಎಣ್ಣೆ ಕಾಯಿಸಿದರು.

ಮಸೀದಿಯಿಂದ ಇಳಿಹೊತ್ತಿನ ಬಾಂಗು ಕೇಳಿಸಿತು. ನಮಾಜು ಮುಗಿಸಿ ಬಂದವಳೇ ಹೇಳಿಬಿಡುತ್ತೇನೆ ಎಂದು ಪಾರ್ತಿನಿ ಒಳಕೋಣೆಗೆ ಹೋದಳು. ಹಣೆ ನೆಲಕ್ಕೆ ತಾಗಿದಾಗ ದೇವರಲ್ಲಿ ಬೇರೇನನ್ನೂ ಬೇಡಲಾಗಲಿಲ್ಲ. ಬಾಯಿ ಬಿಡಿಸು ಎಂದಷ್ಟೇ ಅಂದುಕೊಂಡಳು.

ಎದ್ದು ಬರುವಷ್ಟರಲ್ಲಿ ಜಗಲಿಯಲ್ಲಿ ಬೇರೆ ದನಿಗಳಿದ್ದವು. ಪಕ್ಕದ ಕೇರಿಯ ವುರಿ, ದಿನ ತುಂಬಿದವಳು, ಕಂಬ ತಬ್ಬಿಕೊಂಡು ನಿಂತಿದ್ದಳು. ಅವಳ ಅತ್ತೆ ಬಟ್ಟೆಗಂಟು ಹಿಡಿದಿದ್ದಳು.

"ನೀರು ಹೋಗ್ಬಿಟ್ಟಿದೆ ಅಮ್ಮ. ಮೂರನೇದು, ಇದೇನು ಬಾಳ ಹೊತ್ತು ತಗೊಳ್ಳಲ್ಲ" ಎನ್ನುತ್ತಿದ್ದಳು ಅತ್ತೆ.

"ಅದನ್ನ ಹೊಟ್ಟೇಲಿರೋದು ಹೇಳ್ಬೇಕು, ನೀನಲ್ಲ" ಎಂದು ಸುಕೇಸಿಯಮ್ಮ ಆಗಲೇ ಬೆನ್ನ ಹಿಂದೆ ಕೈ ಹಾಕಿ ಮೇಲಂಗಿಯ ದಾರ ಕಟ್ಟಿಕೊಳ್ಳುತ್ತಿದ್ದರು. "ಬಾ ತಾಯಿ, ನಡಿ. ಕೋಣೆ ತೊಳೆದಿದೀನಿ ನೋಡು, ನೀನು ಬರ್ತೀಯ ಅಂತಲೇ."

ವುರಿ ಕಂಬ ಬಿಟ್ಟು ಅವರ ತೋಳು ಹಿಡಿದಳು.

"ಅಮ್ಮ" ಎಂದಳು ಪಾರ್ತಿನಿ. ದನಿ ತನ್ನದಲ್ಲವೆನ್ನಿಸಿತು. "ಇಲ್ಲಿ ಬೇಡ."

"ಏನು ಬೇಡ?"

"ಹೆರಿಗೆ. ಇಲ್ಲಿ ಬೇಡ. ನೀವು ಮಾಡಿಸೋ ಹಾಗಿಲ್ಲಮ್ಮ. ಜಿಲ್ಲಾ ಶಾಲೇಲಿ ಮತ್ತೆ ಪರೀಕ್ಷೆ ಮುಗಿಸೋವರೆಗೂ ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಇವಳನ್ನ ಕೆಳಗೆ ಕೇಂದ್ರಕ್ಕೆ ಕರ್ಕೊಂಡು ಹೋಗ್ಬೇಕು."

ಮೊದಲು ಬಾಯಿ ಬಿಟ್ಟವಳು ಅತ್ತೆ. "ಅಯ್ಯೋ, ಏನ್ ಮಾತು ಅಂತ ಆಡ್ತೀಯಮ್ಮ! ಹುಟ್ಟಿದಾಗ ನನ್ನ ಗಂಡನ್ನ ಹಿಡಿದದ್ದು ಈ ಕೈ, ನನ್ನ ಮಕ್ಕಳನ್ನ ಹಿಡಿದದ್ದು ಈ ಕೈ. ನೀನು ಕುರ್ಚಿ ಮೇಲೆ ಕೂತ ಮಾತ್ರಕ್ಕೆ..."

"ನಿನ್ನ ಗಂಡನ್ನ ಹಿಡಿಯೋಕೆ ನಂಗೇನು ನೂರು ವರ್ಷ ಆಗಿದ್ಯಾ? ಸುಮ್ನಿರು ಸ್ವಲ್ಪ." ಸುಕೇಸಿಯಮ್ಮ ಅವಳತ್ತ ತಿರುಗಲೂ ಇಲ್ಲ. ಪಾರ್ತಿನಿಯನ್ನೇ ನೋಡುತ್ತಿದ್ದರು. "ಯಾವತ್ತು ಆದದ್ದು ತೀರ್ಮಾನ?"

"ಹೋದ ವಾರ."

"ಹೋದ ವಾರ." ಅವರು ಬೆರಳು ಮಡಿಸತೊಡಗಿದರು. "ಬಂದೆ, ತಿಂದೆ, ನಕ್ಕೆ. ಬಾಯಲ್ಲಿ ಇದನ್ನ ಇಟ್ಕೊಂಡು ಬಾಳೆಹಣ್ಣು ಹೊತ್ಕೊಂಡು ಹೋದೆ. ನಿನ್ನೆ ಒಬ್ಬಳು ಬಂದಿದ್ರೆ? ಮೊನ್ನೆ ಬಂದಿದ್ರೆ? ನಾನು ಮಾಡಿಸ್ತಿದ್ದೆನಲ್ಲೇ! ಅವಳಿಗೇನಾದ್ರೂ ಆಗಿದ್ರೆ?"

"ದಾಕ್ಷಿಣ್ಯ ಆಯ್ತಮ್ಮ."

"ದಾಕ್ಷಿಣ್ಯ!" ಎಂದರು ಸುಕೇಸಿಯಮ್ಮ. ಇನ್ನೇನೋ ಹೇಳಹೊರಟವರು ನಿಲ್ಲಿಸಿದರು. ವುರಿಗೆ ನೋವು ಬಂದಿತ್ತು. ಅವಳು ತೋಳನ್ನು ಹಿಂಡುತ್ತಿದ್ದಳು. ಸುಕೇಸಿಯಮ್ಮನ ಇನ್ನೊಂದು ಕೈ ಅವಳ ಸೊಂಟಕ್ಕೆ ಹೋಗಿ, ಒತ್ತಬೇಕಾದಲ್ಲಿ ಒತ್ತಿ ನಿಂತಿತು. ನೋವು ಇಳಿಯುವವರೆಗೆ ಅವರು ಕಣ್ಣು ಮುಚ್ಚಿಕೊಂಡಿದ್ದರು.

"ನಾನು ಎಲ್ಲೂ ಹೋಗಲ್ಲ" ಎಂದಳು ವುರಿ, ಉಸಿರು ತಿರುಗಿದ ಮೇಲೆ. "ಇಲ್ಲೇ ಹೆರ್ತೀನಿ. ಅಮ್ಮ, ಅವರು ಹೋಗ್ಲಿ, ಬಾಗಿಲು ಹಾಕ್ಕೊಳೋಣ."

ಬಾಗಿಲು ಹಾಕಿಕೊಂಡರೆ ಪಾರ್ತಿನಿ ಏನು ಮಾಡಬಲ್ಲಳು? ಹೊರಗೆ ನಿಂತು ತಟ್ಟಬಹುದಿತ್ತು, ಅಷ್ಟೇ. ಅವಳು ಜಗಲಿಯ ಅಂಚಿಗೆ ಬಂದು ಚಪ್ಪಲಿಗಾಗಿ ತಡಕಾಡಿದಳು.

ಸುಕೇಸಿಯಮ್ಮ ಕೋಣೆಯ ಬಾಗಿಲಿನತ್ತ ನೋಡಿದರು. ಆಮೇಲೆ ಬೆನ್ನ ಹಿಂದೆ ಕೈ ಹಾಕಿ ಕಟ್ಟಿದ ದಾರವನ್ನು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. "ಬಿಚ್ಚೇ, ನೋಡ್ತಾ ನಿಂತಿದಾಳೆ" ಎಂದು ಪಾರ್ತಿನಿಗೆ ಬೆನ್ನು ಕೊಟ್ಟರು. ಪಾರ್ತಿನಿ ಬಿಚ್ಚಿದಳು.

"ಗಿಮಾನ್!" ಸುಕೇಸಿಯಮ್ಮ ಅಂಗಳಕ್ಕೆ ಇಳಿದು ಅವನ ಮನೆಯತ್ತ ಕೂಗಿದ ಕೂಗಿಗೆ ತಟ್ಟಿಗಳ ಹತ್ತಿರ ಆಡುತ್ತಿದ್ದ ಕೋಳಿಗಳು ಚದುರಿದವು. "ಲೋ ಗಿಮಾನ್! ಆ ತಂಬಾಕು ಅಲ್ಲೇ ಬಿಸಾಕಿ ವ್ಯಾನು ತಗೊಂಡು ಬಾರೋ!"

ಅವನು ಅಂಟು ಹತ್ತಿ ಕಪ್ಪಾದ ಕೈಗಳಲ್ಲೇ ಬಂದ. "ಕೈ ತೊಳ್ಕೊಂಡು..." ಎಂದ.

"ಸ್ಟೇರಿಂಗಿಗೆ ನಂಜಾಗಲ್ಲ, ನಡಿ."

ವ್ಯಾನು ಇಳಿಜಾರಿನ ದಾರಿ ಹಿಡಿಯಿತು. ವುರಿ ಸುಕೇಸಿಯಮ್ಮನ ಎದೆಗೆ ಒರಗಿದ್ದಳು. ಅತ್ತೆ ಮಣಿಸರ ಎಣಿಸುತ್ತ, ನಡುನಡುವೆ ಪಾರ್ತಿನಿಯನ್ನು ದುರುಗುಟ್ಟಿ ನೋಡುತ್ತ ಕೂತಿದ್ದಳು. ತಿರುವುಗಳಲ್ಲಿ ಗಿಮಾನ್ ಹಾರನ್ ಹೊಡೆಯುತ್ತಿದ್ದ. ಕೇಂದ್ರಕ್ಕೆ ಫೋನು ಮಾಡಿ ಮುಗಿಸಿದ ಪಾರ್ತಿನಿ ಏನಾದರೂ ಹೇಳಬೇಕೆಂದು "ಜಿಲ್ಲಾ ಶಾಲೇಲಿ ಮೇಷ್ಟ್ರು ಒಳ್ಳೆಯವರಮ್ಮ" ಎಂದಳು.

"ಹೂಂ. ಮೊಮ್ಮಕ್ಕಳ ವಯಸ್ಸಿನ ಹುಡುಗೀರ ಜೊತೆ ಕೂತು ಪ್ಲಾಸ್ಟಿಕ್ ಬೊಂಬೆಗೆ ಹೆರಿಗೆ ಮಾಡಿಸ್ತೀನಿ. ಬೊಂಬೆಗೆ ಸೊಂಟ ನೋವೂ ಬರಲ್ಲ, ಅತ್ತೇನೂ ಇರಲ್ಲ." ವುರಿ ನೋವಿನಲ್ಲೂ ನಕ್ಕುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಸುಕೇಸಿಯಮ್ಮ ಕಿಟಕಿಯ ಕಡೆ ಮುಖ ಮಾಡಿ, "ನಾನಿದ್ದಿದ್ರೂ ಇದೇ ತೀರ್ಮಾನ ಮಾಡ್ತಿದ್ದೆ" ಎಂದರು. ಮತ್ತೆ ತಡೆದು, "ಮೊದಲನೇ ದಿನಾನೇ ಬಂದು ಹೇಳ್ತಿದ್ದೆ" ಎಂದರು. ಅದು ನಿಜವೋ ಅಲ್ಲವೋ, ಪಾರ್ತಿನಿ ಕೇಳಲಿಲ್ಲ.

ಕೇಂದ್ರದಲ್ಲಿ ಹೆರಿಗೆ ಕೋಣೆಗೆ ಬಸುರಿಯ ಜೊತೆ ಒಬ್ಬರನ್ನೇ ಬಿಡುವುದು. ವುರಿ ಸುಕೇಸಿಯಮ್ಮನ ಕೈ ಬಿಡಲೊಲ್ಲಳು. ಪಾರ್ತಿನಿ ಕೈಗವಸು ಹಿಡಿದು ಬಾಗಿಲಲ್ಲೇ ನಿಂತಳು. ಅಮ್ಮ ಒಳಗೆ ಬಂದು ನಿಂತರೆ ತಾನು ಕೈಯಾಡಿಸುವುದು ಹೇಗೆ? ಹೊರಗಿರಿ ಎಂದು ಇನ್ನೊಂದು ಸಲ ಹೇಳುವುದಾದರೂ ಹೇಗೆ? ಸುಕೇಸಿಯಮ್ಮ ವುರಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅತ್ತೆಯ ಕೈಯಲ್ಲಿಟ್ಟರು. "ಇವಳ ಕೈ ಹಿಡ್ಕೊ. ಉಗುರು ಚುಚ್ಚು, ಪರವಾಗಿಲ್ಲ" ಎಂದರು.

ಬಾಗಿಲು ಮುಚ್ಚಿತು.

ಒಳಗೆ ಎಲ್ಲ ಎಂದಿನಂತೆ ನಡೆಯಿತು. ವುರಿ ಅತ್ತಳು, ಬೈದಳು, ಅತ್ತೆ ದೇವರನ್ನು ಕರೆದಳು. ತಲೆ ಕಂಡಿತು, ನಿಂತಿತು, ಬಂತು. ಹೆಣ್ಣು ಮಗು. ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಕಿರುಚಿತು. ಮಾಸು ಇಡಿಯಾಗಿ ಬಿತ್ತು. ಪಾರ್ತಿನಿ ಅಂಗೈಯನ್ನು ವುರಿಯ ಕಿಬ್ಬೊಟ್ಟೆಯ ಮೇಲಿಟ್ಟು ಕಾದಳು. ಚರ್ಮದ ಕೆಳಗೆ ಗರ್ಭಕೋಶ ಎಳೆಯ ತೆಂಗಿನಕಾಯಿಯ ಹಾಗೆ ದುಂಡಗೆ, ಗಟ್ಟಿಯಾಗಿ ಬಂದು ಕೂತಿತು. ರಕ್ತ ನಿಂತಿತ್ತು. ಹೀಗೆ ಕೈಯಿಟ್ಟು ಕಾಯುವುದನ್ನು ಅವಳಿಗೆ ಯಾರು ಕಲಿಸಿದ್ದರೋ ಅವರು ಗೋಡೆಯ ಆಚೆ ಇದ್ದರು. ಪಾರ್ತಿನಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡಳು.

ಸುದ್ದಿ ಹೇಳಲು ಬಾಗಿಲು ತೆರೆದು ಹೊರಗೆ ಬಂದಳು. ಸಾಲು ಬೆಂಚುಗಳಲ್ಲಿ ಯಾರೂ ಇರಲಿಲ್ಲ. ಗಿಮಾನ್ ವ್ಯಾನಿನಲ್ಲಿ ನಿದ್ದೆ ಹೋಗಿದ್ದ. ಪಡಸಾಲೆಯ ಕೊನೆಯಲ್ಲಿ, ಬಂದವರು ಕೈಕಾಲು ತೊಳೆಯುವ ನಲ್ಲಿಯ ಪಕ್ಕ, ಸುಕೇಸಿಯಮ್ಮ ನಿಂತಿದ್ದರು. ರವಿಕೆಯ ತೋಳು ಮೇಲಕ್ಕೆ ಮಡಿಸಿತ್ತು. ಹೆರಿಗೆ ಮಾಡಿಸಲು ಹೊರಟವರ ಹಾಗೆ ಮೊಣಕೈವರೆಗೆ ತೊಳೆದುಕೊಂಡಿದ್ದ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ, ಬೆರಳು ಮೇಲಾಗಿ, ಏನನ್ನೂ ಮುಟ್ಟದಂತೆ ಹಿಡಿದುಕೊಂಡಿದ್ದರು. ಮಗುವಿನ ಅಳು ಇನ್ನೂ ಕೇಳುತ್ತಿತ್ತು. ಮೊಣಕೈಯಿಂದ ನೀರು ಸಿಮೆಂಟಿನ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.