ಜೆರೇನಿಯಂ ಗಿಡಕ್ಕೆ ಗೊತ್ತುಮಾಡಿದ ಡ್ರಮ್ಮು

ಎಲ್ಬಿಯೊ ಐವತ್ಮೂರನೇ ವಯಸ್ಸಿಗೆ ಡ್ರಮ್ಮು ಕಲಿಯಲು ಹೊರಟಾಗ ಹೆಂಡತಿ ನಿಬಿಯಾ ನಗಲಿಲ್ಲ. ನಗು ಬಂದದ್ದು ಆಮೇಲೆ, ಅವನು ಊಟದ ಮೇಜನ್ನೂ, ಬಸ್ಸಿನ ಸೀಟನ್ನೂ, ಕೊನೆಗೆ ಪಕ್ಕದಲ್ಲಿ ಮಲಗಿದ್ದ ಅವಳ ಬೆನ್ನನ್ನೂ ಬಾರಿಸತೊಡಗಿದ ಮೇಲೆ. ಎರಡು ವರ್ಷದಿಂದ ಆ ಮನೆಯಲ್ಲಿ ಸೂಪು ಚೆಲ್ಲದೆ ಊಟ ಮುಗಿದ ದಿನವೇ ಇಲ್ಲ.

ಅವನಿಗೆ ಸಿಕ್ಕಿದ್ದು ಚೀಕೋ, ಮೂರು ಬಗೆಯ ಡ್ರಮ್ಮುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ದೊಡ್ಡದು ಗುಡುಗುತ್ತದೆ, ನಡುವಿನದು ಮನಸ್ಸಿಗೆ ಬಂದಂತೆ ಹರಟುತ್ತದೆ. ಚೀಕೋ ಮಾತ್ರ ಒಂದೇ ವರಸೆಯನ್ನು ಮೊದಲಿನಿಂದ ಕೊನೆಯವರೆಗೂ ಹಿಡಿದುಕೊಂಡಿರಬೇಕು. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಕೇಳಿದರೆ ಇದೇನು ಮಹಾ, ಮಕ್ಕಳಿಗೂ ಬರುತ್ತದೆ ಅನ್ನಿಸಬೇಕು. ಅವನಿದ್ದ ಪಲೆರ್ಮೊ ಬಡಾವಣೆಯ ಮಕ್ಕಳಿಗೆ ನಿಜವಾಗಿಯೂ ಬರುತ್ತದೆ, ಎಲ್ಬಿಯೊನ ಹೊಟ್ಟೆಯುರಿ ಅದೇ.

ಮೂವತ್ತು ವರ್ಷ ಬೇಕರಿಯ ಒಲೆ ಮುಂದೆ ನಿಂತವನು ಅಂತ ಬಡಾವಣೆಯ ಡ್ರಮ್ಮು ದಳದ ಯಜಮಾನಿ ಎರ್ಮಿನಿಯಜ್ಜಿ ಅವನಿಗೆ ಬೆಂಕಿಯ ಉಸ್ತುವಾರಿ ವಹಿಸಿದ್ದಳು. ಭಾನುವಾರ ಸಂಜೆ ಬೀದಿಯ ಮೂಲೆಯಲ್ಲಿ ರಟ್ಟು, ಹಣ್ಣಿನ ಪೆಟ್ಟಿಗೆ ಉರಿಸಿ, ಡ್ರಮ್ಮುಗಳ ಮುಖವನ್ನು ಬೆಂಕಿಯ ಕಡೆ ಮಾಡಿಟ್ಟು ಚರ್ಮ ಬಿಗಿ ಮಾಡಬೇಕು. ಯಾವುದು ಹದಕ್ಕೆ ಬಂತು ಎಂದು ಬೆರಳಲ್ಲಿ ತಟ್ಟಿ ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬಾರಿಸುವುದರಲ್ಲಿ ಮಾತ್ರ ಎಲ್ಲರೂ ಮೀರಿಸುತ್ತಾರೆ. ಫೆಬ್ರವರಿಯ ದೊಡ್ಡ ಮೆರವಣಿಗೆಗೆ ಆಯ್ಕೆಯಾದವರ ಹೆಸರು ಕೂಗಿದಾಗ ಎರಡು ವರ್ಷವೂ ಅವನ ಹೆಸರು ಬಂದಿರಲಿಲ್ಲ.

ಮೂರನೇ ವರ್ಷದ ಹೆಸರು ಕೂಗುವ ಭಾನುವಾರ ಬಂತು. ಸಂಜೆ ದಳ ಬೀದಿಯಲ್ಲಿ ಬಾರಿಸುತ್ತಾ ನಡೆದು ಬಂದ ಮೇಲೆ ಹೆಸರು ಕೂಗುವುದು ರೂಢಿ. ಬೆಳಿಗ್ಗೆ ಯೆರ್ಬಾ ಸೊಪ್ಪಿನ ಕಷಾಯ ಹೀರುತ್ತಾ ಎಲ್ಬಿಯೊ ಘೋಷಿಸಿದ: "ಈ ಸಲ ಆಗ್ಲಿಲ್ಲ ಅಂದ್ರೆ ಬಿಟ್ಟೇ ಬಿಡ್ತೀನಿ."

"ದೇವ್ರು ನಿಂಗೆ ಒಳ್ಳೇದು ಮಾಡ್ಲಿ," ಅಂದಳು ನಿಬಿಯಾ. "ಬಾಲ್ಕನಿಯ ಜೆರೇನಿಯಂಗೆ ಕುಂಡ ಸಾಲ್ತಾ ಇಲ್ಲ. ನಿನ್ನ ಡ್ರಮ್ಮಿನ ಅಳತೆ ನೋಡಿಟ್ಟಿದ್ದೀನಿ, ಗಿಡ ಸರಿಯಾಗಿ ಕೂರುತ್ತೆ."

"ತಮಾಷೆ ಅಲ್ಲ ಕಣೇ."

"ನಂದೂ ತಮಾಷೆ ಅಲ್ಲ. ಹೆಸರು ಕೂಗಿದ್ರೆ ಡ್ರಮ್ಮು ನಿಂದು, ಕೂಗದಿದ್ರೆ ಗಿಡದ್ದು. ಆಮೇಲೆ ಮಾತು ತಿರುಗಿಸ್ಬಾರ್ದು."

ಎಲ್ಬಿಯೊ ತಲೆಯಾಡಿಸಿದ. ಒಳಗೊಳಗೇ ಅವನಿಗೆ ಅಳು ಬಂದಿತ್ತು. ಬೇಕರಿ, ಮನೆ, ಮತ್ತೆ ಬೇಕರಿ ಎಂದು ಕಳೆದ ಬದುಕಿನಲ್ಲಿ ಇದು ನನ್ನದು ಎನ್ನಲು ಅವನಿಗಿದ್ದದ್ದು ಆ ಡ್ರಮ್ಮೊಂದೇ.

ಸಂಜೆ ಬೆಂಕಿ ಚೆನ್ನಾಗಿ ಹತ್ತಿಕೊಂಡಿತು. ಎರ್ಮಿನಿಯಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಏನೋ ಬೇಕರಿಯವನೇ, ಬ್ರೆಡ್ಡಿನ ಹಾಗೆ ಹೊಳೀಲಿ ಅಂತ ಮೇಲೆ ಮೊಟ್ಟೆ ಸವರೋದು ಮರೆತ್ಯಾ?" ಎಂದು ಕೂಗಿದಳು. ಎಲ್ಬಿಯೊ ನಗಲಿಲ್ಲ. ಇವತ್ತು ತನ್ನ ಚೀಕೋ ಎಲ್ಲರಿಗಿಂತ ಬಿಗಿಯಾಗಿ, ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಬೇಕೆಂಬ ಹಟ ಅವನಿಗೆ. ಬೇರೆಯವರ ಡ್ರಮ್ಮುಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿ ಕೊಟ್ಟ. ತನ್ನದನ್ನು ಬೆಂಕಿಯ ಹತ್ತಿರಕ್ಕೆ ಒಂದು ಗೇಣು ತಳ್ಳಿದ. ತಟ್ಟಿ ನೋಡಿ, ಸಾಲದು ಎಂದು ಇನ್ನೊಂದು ಗೇಣು ತಳ್ಳಿದ.

ಢಬ್ಬೆಂದು ಚರ್ಮ ಸಿಡಿಯಿತು.

ಯಾರೋ "ಬ್ರೆಡ್ಡು ಸೀದುಹೋಯ್ತಪ್ಪೋ!" ಅಂದರು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹೆಚ್ಚಿನ ಚೀಕೋ ಯಾರ ಬಳಿಯೂ ಇರಲಿಲ್ಲ. ಎಲ್ಬಿಯೊ ಡ್ರಮ್ಮು ನೇತುಹಾಕುವ ಪಟ್ಟಿಯನ್ನು ಭುಜದಿಂದ ಇಳಿಸತೊಡಗಿದ.

"ಎಲ್ಲಿಗೆ?" ಅಂದಳು ಎರ್ಮಿನಿಯಜ್ಜಿ.

"ಮನೆಗೆ ಅಜ್ಜಿ. ಇನ್ನೇನಿದೆ?"

"ಚರ್ಮ ಹೋದ್ರೆ ಮರ ಎಲ್ಲಿ ಹೋಯ್ತು? ಶುರುವಿಗೆ ಎಲ್ರೂ ಡ್ರಮ್ಮಿನ ಪಕ್ಕಕ್ಕೆ ಕೋಲಲ್ಲಿ ಹೊಡೀತೀವಲ್ಲ, ನೀನು ಕೊನೇವರೆಗೂ ಅದನ್ನೇ ಹೊಡಿ. ಇಲ್ಲಾ ಅಂದ್ರೆ ಹೋಗು, ನಿಬಿಯಾ ಗಿಡ ಹಿಡ್ಕೊಂಡು ಕಾಯ್ತಿದ್ದಾಳಂತೆ."

ಗಿಡದ ಸುದ್ದಿ ಬೀದಿಗೆಲ್ಲ ಗೊತ್ತು! ಎಲ್ಬಿಯೊನ ಮುಖ ಕೆಂಪಾಯಿತು. ಪಟ್ಟಿಯನ್ನು ಮತ್ತೆ ಭುಜಕ್ಕೇರಿಸಿಕೊಂಡ.

ದಳ ಹೊರಟಿತು. ಮೊದಲ ಮೂಲೆಯವರೆಗೆ ಅವನಿಗೆ ನಾಚಿಕೆಯೊಂದೇ ಜೊತೆ. ಹರಿದ ಚರ್ಮದ ಮೇಲೆ ಕಣ್ಣು ಬೀಳದಂತೆ ತಲೆಯೆತ್ತಿ ನಡೆದ. ಕೈ ನೋಡುವಂತಿಲ್ಲ, ಪೆಟ್ಟು ಎಣಿಸಲು ಮನಸ್ಸಿಲ್ಲ. ಆಗ ಪಕ್ಕದವರ ಡ್ರಮ್ಮು ಕೇಳಿಸಿತು. ಹಿಂದಿನ ದೊಡ್ಡ ಡ್ರಮ್ಮು ಏನೋ ಕೇಳುತ್ತಿತ್ತು, ನಡುವಿನದು ಉತ್ತರ ಕೊಡುತ್ತಿತ್ತು. ಅವೆರಡರ ನಡುವೆ ತನ್ನ ಕೋಲಿಗೆ ಸರಿಯಾಗಿ ಅಷ್ಟೇ ಜಾಗವಿತ್ತು. ಮೂರನೇ ಮೂಲೆಯ ಇಳಿಜಾರಿನಲ್ಲಿ ದೊಡ್ಡ ಡ್ರಮ್ಮಿನವರು ಎಂದಿನಂತೆ ಅವಸರಕ್ಕೆ ಬಿದ್ದು ಸಾಲು ಚದುರತೊಡಗಿತು. ಆ ಗದ್ದಲದಲ್ಲೂ ಮರದ ಒಣ ಟಕಟಕ ಒಂದಿಷ್ಟೂ ಅಲುಗಲಿಲ್ಲ. ದೊಡ್ಡ ಡ್ರಮ್ಮಿನ ಗುಮೆರ್ಸಿಂದೊ ಕತ್ತು ಹೊರಳಿಸಿ ನೋಡಿದ, ಕೈ ನಿಧಾನಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಆ ಟಕಟಕಕ್ಕೆ ಬಂದು ಸೇರಿಕೊಂಡರು. ಎಲ್ಬಿಯೊನಿಗೆ ಇದ್ಯಾವುದೂ ತಿಳಿಯಲಿಲ್ಲ. ಅವನು ಎರಡು ವರ್ಷದಲ್ಲಿ ಮೊದಲ ಸಲ ಖುಷಿಯಾಗಿದ್ದ.

ನಡಿಗೆ ಮುಗಿದ ಮೇಲೆ ಅಜ್ಜಿ ಹೆಸರು ಕೂಗಿದಳು. ಚೀಕೋದವರಲ್ಲಿ ನಾಲ್ಕನೆಯದು ಅವನದು.

"ಅಜ್ಜಿ, ನಂದು ಒಡೆದುಹೋಗಿದೆ," ಅಂದ ಅವನು ಪೆದ್ದುಪೆದ್ದಾಗಿ.

"ಎರಡು ವರ್ಷ ನಿನ್ನ ಕೈನೇ ನೋಡ್ಕೊಂಡು ಬಾರಿಸ್ದೆ ಮಾರಾಯ, ಪಕ್ಕದಲ್ಲಿ ಜನ ಇದ್ದಾರೆ ಅನ್ನೋದೇ ನಿಂಗೆ ಗೊತ್ತಿರ್ಲಿಲ್ಲ. ಇವತ್ತು ಕೈ ನೋಡೋಕೆ ನಾಚ್ಕೆ ಆಯ್ತು, ಕಿವಿ ತೆರ್ಕೊಳ್ತು. ಗುರುವಾರದೊಳಗೆ ಹೊಸ ಚರ್ಮ ಹಾಕಿಸು. ಬೆಂಕಿಯಿಂದ ಮೂರು ಮಾರು ದೂರ ಇಡು!"

ಮನೆಗೆ ಬಂದಾಗ ನಿಬಿಯಾ ಅಡುಗೆಮನೆಯಲ್ಲಿದ್ದಳು. ಮೇಜಿನ ಮೇಲೆ ಹಳೆಯ ಕುಂಡದಲ್ಲಿ ಜೆರೇನಿಯಂ. ಅವಳು ಹರಿದ ಡ್ರಮ್ಮನ್ನು ನೋಡಿದಳು. "ಪರ್ವಾಗಿಲ್ವೇ, ಮುಚ್ಚಳ ತೆಗೆದೇ ತಂದಿದ್ದೀಯ."

"ಹೆಸರು ಕೂಗಿದ್ರು ಕಣೇ," ಅಂದ ಅವನು.

ನಿಬಿಯಾ ಸೂಪಿನ ಚಮಚ ತೆಗೆದುಕೊಂಡು ಕುಂಡದ ಅಂಚಿನ ಮೇಲೆ ಬಾರಿಸಿದಳು. ಅದೇ ವರಸೆ, ಅದೇ ಒಣ ಟಕಟಕ, ಒಂದೂ ತಪ್ಪಿಲ್ಲ.

ಎಲ್ಬಿಯೊ ಬಾಯಿ ಬಿಟ್ಟು ನಿಂತ. "ನೀನು ಯಾವಾಗ ಕಲಿತೆ?"

"ಎರಡು ವರ್ಷ ನನ್ನ ಬೆನ್ನ ಮೇಲೆ ಬಾರಿಸಿದ್ದು ಯಾರು?" ಅವಳ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಜೋರಾಗಿಯೇ ಇತ್ತು. "ಬಾ, ಸೂಪು ಆರುತ್ತೆ. ಇವತ್ತು ಚೆಲ್ಲಿದ್ರೂ ಏನೂ ಅನ್ನಲ್ಲ."