ಮೂವತ್ತೆರಡು ಸ್ಟೀಲ್ ಲೋಟ

ಹೊಲಿಗೆ ಕಾರ್ಖಾನೆಯ ಚಹಾ ಕೋಣೆಯಲ್ಲಿ ನಾದಿನಿ ಮೂರನೆಯ ಸಲ ಲೋಟ ಎಣಿಸಿದಳು. "ಅತ್ತಿಗೆ, ಮೂವತ್ತೆರಡು ಕಮ್ಮಿ."

"ಸರಿಯಾಗಿ ಎಣಿಸೇ."

"ನನ್ನ ಕಣ್ಣೇನು ಕುರುಡಾ? ನೀವೇ ಎಣಿಸಿ."

ಅತ್ತಿಗೆ ಎಣಿಸಿದರೂ ಲೆಕ್ಕ ಅಷ್ಟೇ. ದಿನಾ ಮೂಟೆಗಟ್ಟಲೆ ಕಾಗದದ ಕಪ್ಪು ಕಸಕ್ಕೆ ಹೋಗುವುದನ್ನು ನೋಡಲಾರದೆ, ಸ್ಟೀಲ್ ಲೋಟ ತರಿಸಿ ಎಂದು ಮೇಲ್ವಿಚಾರಕನ ಬೆನ್ನುಬಿದ್ದವಳು ಅವಳೇ. ಲೋಟ ತೊಳೆಯುವ ಕೆಲಸವನ್ನು, ಗಂಡ ಬಿಟ್ಟುಹೋದ ನಾದಿನಿಗೆ ಕೊಡಿಸಿದವಳೂ ಅವಳೇ. "ಇವತ್ತೊಂದು ದಿನ ನೋಡ್ತೀನಿ. ಲೋಟ ಕಳೆದ್ರೆ ನಾಳೆಯಿಂದ ಮತ್ತೆ ಕಾಗದದ ಕಪ್ಪು. ತೊಳೆಯೋರು ಬೇಕಾಗಿಲ್ಲ" ಎಂದಿದ್ದ ಆತ. ಹೇಳಿದ ಹೊತ್ತಿಗೆ ಬಂದೇ ಬಿಡುವ ಆಸಾಮಿ. ಎಲ್ಲರ ಬಾಯಲ್ಲೂ ಅವನು 'ಗಡಿಯಾರ'.

ಬಂದೇ ಬಿಟ್ಟ. "ಲೋಟ ಎಲ್ಲಾ ಬಂದ್ವಾ?"

"ಬರ್ತಾ ಇವೆ ಸಾರ್."

"ಅವಕ್ಕೇನು ಕಾಲಿದೆಯಾ? ಸಂಜೆ ಗೇಟಲ್ಲಿ ಎಲ್ಲರ ಚೀಲ ಬಿಚ್ಚಿಸ್ತೀನಿ."

ತನ್ನಿಂದಾಗಿ ಇಷ್ಟು ಹೆಂಗಸರು ಕಳ್ಳಿಯರಾಗಬೇಕೆ? ಅತ್ತಿಗೆ ಹೊಲಿಗೆಯ ಸಾಲುಗಳಿಗೆ ಓಡಿದಳು.

ಯಾರೂ ತಲೆ ಎತ್ತಲಿಲ್ಲ. ಕಾಲರ್ ಹೊಲಿಯುವ ದೊಡ್ಡಮ್ಮ ಸೂಜಿಯ ಮೇಲಿನ ಕಣ್ಣು ಕೀಳದೆಯೇ ಸಿಡುಕಿದಳು: "ನಿನ್ನ ಲೋಟ ನಾನು ನುಂಗಿದ್ನಾ? ಕುಡಿದೆ, ಇಟ್ಟೆ."

"ಎಲ್ಲಿಟ್ಟೆ ದೊಡ್ಡಮ್ಮಾ?"

"ದಿನಾ ಎಲ್ಲಿ ಹಾಕ್ತೀನೋ ಅಲ್ಲೇ!"

ಅವಳ ಎಡಗೈ ತಾನಾಗಿಯೇ ಕೆಳಗಿಳಿದು ಮಿಷನ್ನಿನ ಪಕ್ಕದ ಚಿಂದಿಬುಟ್ಟಿಯ ಮೇಲೆ ನಿಂತಿತು. ಇಬ್ಬರೂ ಬಗ್ಗಿ ನೋಡಿದರು. ಬುಟ್ಟಿ ಖಾಲಿ, ಚಹಾ ಮುಗಿದ ಕೂಡಲೇ ಕಸದವರು ಬಳಿದು ಒಯ್ದಿದ್ದರು. ಬಟ್ಟೆಚೂರಿನ ಮೇಲೆ ಬಿದ್ದ ಲೋಟ ಸದ್ದಾದರೂ ಹೇಗೆ ಮಾಡೀತು?

"ಅಯ್ಯೋ, ಈ ಕೈ ಸೇದಿಹೋಗ!" ಎಂದಳು ದೊಡ್ಡಮ್ಮ.

ಹೊರಗೆ ಕಸದ ಲಾರಿ ಗುರ್ರೆಂದಿತು. ಎದ್ದೆನೋ ಬಿದ್ದೆನೋ ಎಂದು ಅತ್ತಿಗೆ ಗೇಟಿಗೆ ಬಂದರೆ, ಲಾರಿಯ ಮುಂದೆ ನಾದಿನಿ ಎರಡೂ ಕೈ ಚಾಚಿ ನಿಂತಿದ್ದಾಳೆ!

"ಸಾಯೋಕೆ ನನ್ನ ಲಾರಿನೇ ಬೇಕಿತ್ತಾ?" ಎಂದು ಡ್ರೈವರ್ ಕೂಗುತ್ತಿದ್ದ.

"ಮೂಟೆ ಎಸೆದಾಗ ಠಣ್ ಅಂತು ಅತ್ತಿಗೆ. ಚಿಂದಿ ಎಲ್ಲಾದ್ರೂ ಠಣ್ ಅನ್ನುತ್ತಾ?"

ಗಡಿಯಾರದ ಎದುರೇ ಮೂಟೆ ಬಿಚ್ಚಿದರು. ಮೂವತ್ತೆರಡೂ ಇದ್ದವು. ಆದರೆ ಅವನ ಮುಖ ಸಡಿಲಲಿಲ್ಲ. "ನಾಳೆಯೂ ಹೀಗೇ ಲಾರಿ ಅಡ್ಡಗಟ್ತೀರಾ?"

"ಕೈಗೆ ಬುದ್ಧಿ ಹೇಳೋಕಾಗಲ್ಲ ಸಾರ್. ಚಿಂದಿಬುಟ್ಟಿ ಬಲಗಡೆ ಇಡಿಸಿ. ಎಡಗಡೆ ನಾನು ಸ್ಟೀಲ್ ತಟ್ಟೆ ಇಡ್ತೀನಿ" ಎಂದಳು ಅತ್ತಿಗೆ.

"ಮೂರು ಗಂಟೆ ಚಹಾಕ್ಕೆ ನೋಡೋಣ."

ಮೂರಕ್ಕೆ ಸರಿಯಾಗಿ ಅವನು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತ. ದೊಡ್ಡಮ್ಮ ಕೊನೆಯ ಗುಟುಕು ಹೀರಿದಳು. ಕಣ್ಣು ಸೂಜಿಯಲ್ಲೇ, ಎಡಗೈ ಕೆಳಗೆ ಹೋಯಿತು.

ಠಣ್.